ವಸ್ತಾದರ ಬಲಗೈ

ವಸ್ತಾದ ಗಾದಿಲಿಂಗಪ್ಪನವರ ಪ್ರತಿಮೆಗೆ ಮುಖ ಸಿಕ್ಕಿತ್ತು, ಮೈ ಸಿಕ್ಕಿರಲಿಲ್ಲ. ಹೊಸಪೇಟೆಯ ಗರಡಿ ಮನೆಯಲ್ಲಿ ಬದುಕೆಲ್ಲ ಹುಡುಗರಿಗೆ ಕುಸ್ತಿ ಕಲಿಸಿ ಸತ್ತ ಆ ಮನುಷ್ಯ ಕ್ಯಾಮೆರಾದ ಮುಂದೆ ಕೂತದ್ದು ಒಂದೇ ಸಲ, ಅದೂ ಆಧಾರ್ ಕಾರ್ಡಿಗೆ. ಆ ಫೋಟೋದಲ್ಲಿ ದಪ್ಪ ಮೀಸೆ ಇತ್ತು, ದುರುಗುಟ್ಟುವ ಕಣ್ಣಿತ್ತು, ಕುತ್ತಿಗೆಯ ಕೆಳಗೆ ಏನೂ ಇರಲಿಲ್ಲ. ಒಂದು ಕಾಲಕ್ಕೆ ಎತ್ತಿನಂಥ ಮೈ ಎಂದು ಹೇಳುವವರು ಊರು ತುಂಬ ಇದ್ದರು. ತೋರಿಸಲು ಮಾತ್ರ ಒಂದು ಚಿತ್ರವೂ ಇರಲಿಲ್ಲ.

ಹೊಸಪೇಟೆಯಲ್ಲಿ ಒಂದು ಸರ್ಕಲ್ಲು ಖಾಲಿ ಇದ್ದರೆ ಜನಕ್ಕೆ ಅನ್ನ ಇಳಿಯುವುದಿಲ್ಲ. ಕತ್ತಿ ಹಿರಿದ ರಾಜರು, ಮುಂಗಾಲೆತ್ತಿದ ಕುದುರೆಗಳು, ಹಂಪಿಯ ಕಲ್ಲಿನ ರಥದ ಸಿಮೆಂಟು ಮರಿಗಳು, ಯಾರೂ ಕೇಳದಿದ್ದರೂ ಬಾಯಿ ತೆರೆದು ನಿಂತ ಸಿಂಹಗಳು. ವರ್ಷಕ್ಕೊಮ್ಮೆ ಹಾರ, ಉಳಿದ ದಿನವೆಲ್ಲ ಪಾರಿವಾಳ. ಕಂಪ್ಲಿ ರಸ್ತೆಯ ಸರ್ಕಲ್ಲಿನಲ್ಲಿ ಮಾತ್ರ ಕೆಟ್ಟುಹೋದ ಕಾರಂಜಿಯೊಂದಿತ್ತು. ಗರಡಿಯ ಹಿರಿಯ ಶಿಷ್ಯ ಭರಮಣ್ಣ ಹತ್ತಾರು ಕಡೆ ತಿರುಗಿ, ಯಾರ್‍ಯಾರದೋ ಕಾಲು ಹಿಡಿದು, ಆ ಜಾಗವನ್ನು ವಸ್ತಾದರಿಗೆ ಕೊಡಿಸಿದ್ದ.

ಪ್ರತಿಮೆ ಮಾಡುವವನು ಹನುಮೇಶ. ಗಾದಿಗನೂರಿನ ಹತ್ತಿರ ಹೆದ್ದಾರಿಯ ಬದಿಗೆ ಅವನ ತಗಡಿನ ಶೆಡ್ಡು. ಅವನ ಕೆಲಸದ ರೀತಿಯೇ ಬೇರೆ. ಮುಖವನ್ನು ಫೋಟೋ ನೋಡಿ ಮಾಡುತ್ತಿದ್ದ. ಮೈಯನ್ನು ಮಾತ್ರ ಜೀವಂತ ಮನುಷ್ಯನನ್ನು ನಿಲ್ಲಿಸಿ, ಎಣ್ಣೆ ಸವರಿ, ಪ್ಲಾಸ್ಟರ್ ಮೆತ್ತಿ, ಅಚ್ಚು ತೆಗೆದೇ ಎರಕ ಹೊಯ್ಯುತ್ತಿದ್ದ.

"ಅಂದಾಜಿನ ಮ್ಯಾಲ ಮೈ ಮಾಡಂಗಿಲ್ರಿ ನಾ," ಎಂದ ಭರಮಣ್ಣನಿಗೆ. "ಒಮ್ಮೆ ಮಾಡಿ ಬೈಸಿಕೊಂಡೀನಿ. ವಸ್ತಾದ್ರ ಹಂಗ ಮೈ ಇರೋ ಆಳು ಒಬ್ಬನ್ನ ಕೊಡ್ರಿ."

ಅಲ್ಲಿಂದ ಶುರುವಾಯಿತು.

ಗರಡಿಯಲ್ಲಿ ಅಂಥ ಮೈ ಇದ್ದವರು ಇಬ್ಬರೇ. ಒಬ್ಬ ಅಂಜಿನಿ, ಸಂಡೂರಿನ ಗಣಿಯೊಂದರಲ್ಲಿ ಲೋಡರ್ ಓಡಿಸುವವನು. ಇನ್ನೊಬ್ಬ ಈಶ್ವರ, ಕಂಪ್ಲಿಯ ರೈಸ್ ಮಿಲ್ಲಿನವರ ಹಿರಿಯ ಮಗ. ಇಬ್ಬರೂ ಒಂದೇ ವಯಸ್ಸಿನವರು, ಒಂದೇ ಲೋಟದಲ್ಲಿ ಬಾದಾಮಿ ಹಾಲು ಕುಡಿದು ಬೆಳೆದವರು. ವಸ್ತಾದರು ಅಂಜಿನಿಯ ಬೆನ್ನಿಗೆ ಒಂದು ಬಡಿದು, "ನಿನ್ನ ವಯಸ್ಸಿನಾಗ ನಂದೂ ಹಿಂಗ ಇತ್ತಲೇ ಮೈ," ಎಂದಿದ್ದರು. ನಿಜ ಹೇಳಬೇಕೆಂದರೆ ಆ ಮಾತನ್ನು ಅವರು ಗರಡಿಯ ಅರ್ಧ ಹುಡುಗರಿಗೆ ಹೇಳಿದ್ದರು. ಆದರೆ ಅಂಜಿನಿಗೆ ಅದು ಎದೆಯಲ್ಲಿ ಕೂತಿತ್ತು. ಹಗಲೆಲ್ಲ ಅದಿರಿನ ಕೆಂಪು ಧೂಳಿನಲ್ಲಿ ಮುಖ ಮೂಗು ತಿಳಿಯದಂತೆ ದುಡಿಯುವವನು ಅವನು. ಗಣಿಯಲ್ಲಿ ಅವನನ್ನು ಹೆಸರಿಟ್ಟು ಕರೆಯುವವರಿರಲಿಲ್ಲ, ಗಾಡಿಯ ನಂಬರಿನಿಂದ ಕರೆಯುತ್ತಿದ್ದರು. ತನ್ನ ಮೈ ವಸ್ತಾದರ ಮೈಯಾಗಿ ಸರ್ಕಲ್ಲಿನಲ್ಲಿ ನಿಲ್ಲಬೇಕು. ಅವನು ಬದುಕಿನಲ್ಲಿ ಇಷ್ಟು ಆಸೆಪಟ್ಟು ಇನ್ನೊಂದನ್ನು ಬೇಡಿರಲಿಲ್ಲ.

ಗರಡಿಯವರ ಸಭೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ. ಈಶ್ವರ ನಕ್ಕುಬಿಟ್ಟ.

"ನಿನ್ನ ಮೈ ಹಾಕಿದ್ರ ವಸ್ತಾದ್ರು ಅದಿರು ಲಾರಿ ಹಮಾಲಿ ಕಂಡಂಗ ಕಾಣ್ತಾರಲೇ."

ಕೂತವರೆಲ್ಲ ನಕ್ಕರು. ಅಂಜಿನಿ ಎದ್ದವನೇ ಈಶ್ವರನ ಮೂಗಿಗೆ ಹಣೆಯಿಂದ ಗುದ್ದಿದ. ರಕ್ತ ಚಿಮ್ಮಿ ಚಾಪೆಯ ಮೇಲೆ ಬಿತ್ತು. ಈಶ್ವರ ಅವನ ಕಿವಿ ಹಿಡಿದು ಗೋಡೆಗೆ ಅಪ್ಪಳಿಸಿದ. ಬಿಡಿಸಲು ಹೋದ ಮೂಕಪ್ಪ ಎಂಬ ಬಡಪಾಯಿಯ ಹಲ್ಲೊಂದು ಹೋಯಿತು.

ಬೇರೆಯವರಾಗಿದ್ದರೆ ಚೀಟಿ ಎತ್ತುತ್ತಿದ್ದರು, ಇಲ್ಲವೇ ಹಿರಿಯರು ಕೂತು ಒಬ್ಬನನ್ನು ಆರಿಸುತ್ತಿದ್ದರು. ಇವರು ಪೈಲ್ವಾನರು. ಇವರ ತಲೆಗೆ ಹೊಳೆಯುವುದು ಒಂದೇ.

"ಕಣಕ್ಕಿಳಿರಿ," ಎಂದ ಭರಮಣ್ಣ. "ಗೆದ್ದವನ ಮೈ ನಿಲ್ಲಲಿ. ವಸ್ತಾದ್ರಿಗೂ ಅದ ಸೇರ್ತಿತ್ತು."

ವಸ್ತಾದರಿಗೆ ಅದು ಸೇರುತ್ತಿತ್ತೋ ಇಲ್ಲವೋ ಕೇಳಲು ಅವರಿರಲಿಲ್ಲ.

ಕುಸ್ತಿಯ ದಿನ ಗರಡಿಯ ಕಣಕ್ಕೆ ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಕೆಮ್ಮಣ್ಣನ್ನು ಹದ ಮಾಡಿದ್ದರು. ಜನ ಕಿಕ್ಕಿರಿದು ಮೂರು ಕಡೆ ನಿಂತಿದ್ದರು. ನಾಲ್ಕನೆಯ ಕಡೆ ಗೋಡೆ, ಗೋಡೆಯಲ್ಲಿ ಹನುಮಪ್ಪನ ಗೂಡು. ಇಬ್ಬರೂ ಲಂಗೋಟ ಬಿಗಿದು ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡರು. ಪದ್ಧತಿಯಂತೆ ಒಬ್ಬರ ಭುಜಕ್ಕೆ ಒಬ್ಬರು ಮಣ್ಣು ಸವರಿದರು. ಆಗ ಈಶ್ವರ ಮೆಲ್ಲಗೆ, "ಸಿಟ್ಟಿಟ್ಟುಕೋಬ್ಯಾಡಲೇ. ಅವತ್ತು ಮಾತು ಜಾರ್‍ತು," ಎಂದ. ಅಂಜಿನಿ ತೊಡೆ ತಟ್ಟಿ ಒಳಗೆ ನುಗ್ಗಿದ.

ಈಶ್ವರ ತುಪ್ಪ ಉಂಡ ಮೈಯವನು, ತೂಕವಿತ್ತು. ಮೊದಲ ಹಿಡಿತಕ್ಕೇ ಅಂಜಿನಿಯನ್ನು ಸೊಂಟದಿಂದ ಎತ್ತಿ ಒಗೆದ. ಎದ್ದವನ ಮೂಗಿಗೆ ಮೊಣಕೈ ಕೊಟ್ಟ. ಅಂಜಿನಿ ಅವನ ಮೀನಖಂಡಕ್ಕೆ ಒದ್ದ, ಕಣ್ಣಿಗೆ ಮಣ್ಣು ಒರೆಸಿದ. ಎರಡು ತಲೆ ಢಿಕ್ಕಿ ಹೊಡೆದ ಸಪ್ಪಳ ಹೊರಗಿನ ಬೀದಿಗೆ ಕೇಳಿಸಿತು. ಈಶ್ವರನ ಹುಬ್ಬು ಹರಿದು ರಕ್ತ ಮೀಸೆಗೆ ಇಳಿಯಿತು. ಆದರೂ ಅವನು ಅಂಜಿನಿಯನ್ನು ಕೆಡವಿ, ಒಂದು ಭುಜವನ್ನು ಮಣ್ಣಿಗೆ ತಾಗಿಸಿದ. ಇನ್ನೊಂದು ಭುಜ ತಾಗಿದರೆ ಮುಗಿಯಿತು. ಜನದ ನಡುವಿಂದ ಯಾರೋ, "ಹಮಾಲಿ ಬಿದ್ದ, ಹಮಾಲಿ ಬಿದ್ದ!" ಎಂದು ಕೂಗಿದರು.

ಅಂಜಿನಿ ಹೇಗೆ ನುಣುಚಿಕೊಂಡನೋ ಅವನಿಗೇ ಗೊತ್ತಿಲ್ಲ. ಮರುಗಳಿಗೆ ಈಶ್ವರ ಬೋರಲು ಬಿದ್ದಿದ್ದ, ಅಂಜಿನಿ ಅವನ ಬೆನ್ನ ಮೇಲಿದ್ದ. ಈಶ್ವರನ ಎಡಗೈ ಅಂಜಿನಿಯ ಎಡಗೈಯಲ್ಲಿ ಸಿಕ್ಕಿತ್ತು. ಅಂಜಿನಿ ತನ್ನ ಬಲಗೈಯನ್ನು ಅವನ ಗದ್ದದ ಕೆಳಗೆ ಹಾಕಿ ಕುತ್ತಿಗೆ ಹಿಂದಕ್ಕೆ ಎಳೆದ. ಇನ್ನು ಹೊರಳಿಸಿ ಬೆನ್ನಿಗೆ ಮಣ್ಣು ಹತ್ತಿಸಿದ್ದರೆ ಸಾಕಿತ್ತು, ಗೆಲ್ಲುತ್ತಿದ್ದ. ಅವನು ಹೊರಳಿಸಲಿಲ್ಲ.

ಆಗ ಈಶ್ವರನ ಬಲಗೈ ಹಿಂದಕ್ಕೆ ಬಂದು ಅಂಜಿನಿಯ ಬಲತೊಡೆಯನ್ನು ತಟ್ಟಿತು.

ಗರಡಿಗೆ ಕಾಲಿಟ್ಟ ಹುಡುಗನಿಗೆ ವಸ್ತಾದರು ಕಲಿಸುತ್ತಿದ್ದ ಮೊದಲ ಪಾಠ ಕುಸ್ತಿಯ ಪಟ್ಟಲ್ಲ, ಇದು: "ಎದುರಿನವ ಸೋತೀನಿ ಅಂತ ನಿನ್ನ ಮೈ ತಟ್ಟಿದ ಅಂದ್ರ ಬಿಟ್ಟುಬಿಡಬೇಕು. ಹೂಂ ಅನ್ನೋಷ್ಟೂ ತಡ ಮಾಡಬಾರ್ದು." ಅಂಜಿನಿಗೆ ಆ ಕೈ ತಿಳಿಯಿತು. ಅಂಗೈಯ ಬೆವರು, ಅದಕ್ಕೆ ಹತ್ತಿದ ಮಣ್ಣಿನ ಹರಳು, ಎಲ್ಲ ತಿಳಿಯಿತು. ಮತ್ತೆ ತಟ್ಟಿತು. ಜೋರಾಗಿ, ಅವಸರವಾಗಿ ತಟ್ಟಿತು. ಗೋಡೆಯ ಕಡೆಗಿದ್ದ ತೊಡೆ, ಜನಕ್ಕೆ ಕಾಣುತ್ತಿರಲಿಲ್ಲ. ಅಂಜಿನಿಯ ಕಿವಿಯಲ್ಲಿ ಹಮಾಲಿ ಎಂಬ ಮಾತು ಗುಂಯ್‍ಗುಡುತ್ತಿತ್ತು. ಅವನು ಹಲ್ಲು ಕಚ್ಚಿ ಇನ್ನಷ್ಟು ಎಳೆದ.

ಜೋಳದ ದಂಟು ಮುರಿದಂತೆ ಸಪ್ಪಳವಾಯಿತು. ತೊಡೆಯ ಮೇಲಿದ್ದ ಕೈ ಜಾರಿ ಮಣ್ಣಿಗೆ ಬಿತ್ತು.

"ತಟ್ಟಿದ್ನೇನಲೇ?" ಎಂದು ಭರಮಣ್ಣ ಕೇಳಿದಾಗ ಅಂಜಿನಿ, "ನನಗ ಗೊತ್ತಾಗ್ಲಿಲ್ಲಣ್ಣ," ಎಂದ. ಮುಂದೆ ಪೊಲೀಸರು ಕೇಳಿದಾಗಲೂ ಅದನ್ನೇ ಹೇಳಿದ.

ಈಶ್ವರನನ್ನು ಬಳ್ಳಾರಿಗೆ ಒಯ್ದರು. ಜೀವ ಉಳಿಯಿತು. ಮಾತು ಉಳಿಯಿತು. ಕುತ್ತಿಗೆಯ ಕೆಳಗೆ ಏನೂ ಉಳಿಯಲಿಲ್ಲ. ಮಾತು ಬಂದ ದಿನವೇ ಅವನು, "ನಾ ತಟ್ಟೀನಿ," ಎಂದ. ಅದನ್ನು ಕೇಳಿದ ಅವನ ತಮ್ಮ ಮುರುಗೇಶ ಮಿಲ್ಲಿನ ಕಬ್ಬಿಣದ ರಾಡು ಹಿಡಿದು ಗರಡಿಗೆ ನುಗ್ಗಿ, ಕನ್ನಡಿ ಒಡೆದ, ಗದೆಗಳನ್ನು ಚರಂಡಿಗೆ ಎಸೆದ, ಅಂಜಿನಿಯ ಬೆನ್ನಿಗೆ ಎರಡೇಟು ಹಾಕುವಷ್ಟರಲ್ಲಿ ಹತ್ತು ಜನ ಅವನ ಮೇಲೆ ಬಿದ್ದರು. ಭರಮಣ್ಣ ಸಮಾಧಾನ ಹೇಳಿದ: "ಅಂಥ ನೋವಿನಾಗ ತಟ್ಟೀನಿ ಅಂತ ಅನ್ನಿಸಿರ್ತೈತಪ್ಪ. ಅಂಜಿನಿ ಸುಳ್ಳು ಹೇಳೋ ಹುಡುಗ ಅಲ್ಲ." ಪ್ರತಿಮೆಯ ಕೆಲಸ ನಿಲ್ಲುವುದು ಯಾರಿಗೂ ಬೇಕಿರಲಿಲ್ಲ.

ಗಾದಿಗನೂರಿನ ಶೆಡ್ಡಿನಲ್ಲಿ ಅಂಜಿನಿ ಲಂಗೋಟ ಬಿಗಿದು ನಿಂತ. ಎಡಗೈ ಮೇಲಕ್ಕೆ, ಬಲಗೈ ಬಲತೊಡೆಯ ಮೇಲೆ, ತೊಡೆ ತಟ್ಟಿ ಕುಸ್ತಿಗೆ ಕರೆಯುವ ಪೈಲ್ವಾನನ ನಿಲುವು. ಹನುಮೇಶ ಪ್ಲಾಸ್ಟರ್ ಮೆತ್ತಿದ. ಸುಳ್ಳು ಯಾಕೆ, ಅಂಜಿನಿಗೆ ಆಗ ಹೆಮ್ಮೆಯೇ ಆಗಿತ್ತು. ಈಶ್ವರನ ನೆನಪಾದಾಗೆಲ್ಲ ಶೆಡ್ಡಿಗೆ ಹೋಗಿ ನಿಲ್ಲುತ್ತಿದ್ದ. ಸಿಮೆಂಟು ಮೈಯನ್ನು ನೋಡಿದಾಗ ಆ ನೆನಪು ಇಳಿಯುತ್ತಿತ್ತು. ಹೀಗೆ ತಿಂಗಳುಗಳು ಕಳೆದವು.

ಅನಾವರಣದ ದಿನ ಸರ್ಕಲ್ಲಿನಲ್ಲಿ ಹಲಗೆ ಬಾರಿಸಿದರು, ಫ್ಲೆಕ್ಸು ಕಟ್ಟಿದರು, ಕ್ರೇನಿನಲ್ಲಿ ಸೇಬಿನ ಹಾರ ತೂಗಿಬಿಟ್ಟರು. ಬಟ್ಟೆ ಜಾರಿತು. ಕಂಚಿನ ಬಣ್ಣ ಬಳಿದ ವಸ್ತಾದರು ಬಿಸಿಲಿನಲ್ಲಿ ಹೊಳೆದರು. ಭರಮಣ್ಣ ಗಳಗಳ ಅತ್ತ. ಚಿಕ್ಕ ಚಿಕ್ಕ ಶಿಷ್ಯರು ಸಾಲಾಗಿ ಬಂದು ಆ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆ ಪಾದ ತನ್ನದೆಂದು ಅಂಜಿನಿಗೆ ಗೊತ್ತಿತ್ತು. ಎದೆ ಉಬ್ಬಬೇಕಾದ ಹೊತ್ತು ಅದು.

ಅವನು ಮುಖದಿಂದ ಕೆಳಗೆ ನೋಡುತ್ತ ಬಂದ. ವಸ್ತಾದರ ಕಣ್ಣು, ವಸ್ತಾದರ ಮೀಸೆ, ಆಮೇಲೆ ತನ್ನ ಎದೆ, ತನ್ನ ಬಲಗೈ. ಆ ಬಲಗೈ ತೊಡೆಯ ಮೇಲೆ ಸರಿಯಾಗಿ ಆ ಜಾಗದಲ್ಲೇ ಇತ್ತು. ಪ್ಯಾಂಟಿನ ಒಳಗೆ ಅವನ ತೊಡೆ ಉರಿಯಿತು. ಈಶ್ವರನ ಕುತ್ತಿಗೆ ಮುರಿದ ಕೈಯನ್ನು ತಂದು ವಸ್ತಾದರಿಗೆ ಅಂಟಿಸಿದ್ದಾರೆ, ಊರೆಲ್ಲ ಕೈಮುಗಿಯುತ್ತಿದೆ. ಅವನಿಗೆ ನಾಚಿಕೆಯಾಯಿತು. ಹಾಗೆ ನಾಚಿಕೆಯಾಗಬಹುದೆಂದು ಅವನು ಎಂದೂ ಎಣಿಸಿರಲಿಲ್ಲ.

ಭಾಷಣ ಮುಗಿದು ಜನ ಶಾಮಿಯಾನದಲ್ಲಿ ಊಟಕ್ಕೆ ಕೂತಿದ್ದರು. ಪೀಠದ ಹಿಂದೆ ಕಟ್ಟೆ ಕೆಲಸದವರ ಏಣಿಯೂ ದೊಡ್ಡ ಸುತ್ತಿಗೆಯೂ ಬಿದ್ದಿದ್ದವು. ಅಂಜಿನಿ ಏಣಿ ಹತ್ತಿದ. ಮೊದಲ ಪೆಟ್ಟಿಗೆ ಬೆರಳುಗಳು ಹೋದವು. ಎರಡನೆಯದಕ್ಕೆ ಅಂಗೈ ಸೀಳಿತು. ಅವನು ಹುಚ್ಚು ಹಿಡಿದವನಂತೆ ಬಡಿದ. ಮೊಣಕೈವರೆಗೆ ಸಿಮೆಂಟು ಉದುರಿ ಬರೀ ಕಬ್ಬಿಣದ ಸರಳು ಉಳಿದಾಗ ಊಟದ ಎಲೆ ಬಿಟ್ಟು ಎದ್ದವರ ಗದ್ದಲ ಕೇಳಿಸಿತು.

"ವಸ್ತಾದ್ರ ಕೈ ಕಡದ! ಹಿಡ್ರಲೇ ಅವನ್ನ!"

ಏಣಿಯನ್ನೇ ಎಳೆದು ಕೆಡವಿದರು. ಬೆನ್ನು ಪೀಠದ ಅಂಚಿಗೆ ಬಡಿಯಿತು. ಮೇಲೆ ಕಾಲುಗಳು ಬಿದ್ದವು, ಚಪ್ಪಲಿಗಳು ಬಿದ್ದವು, ಅನ್ನದ ಕೈಗಳಿಂದಲೇ ಗುದ್ದು ಬಿದ್ದವು. ಅವನ ಜೊತೆ ಸಾಮು ಮಾಡಿದವರೇ ಅವನ ಪಕ್ಕೆಲುಬಿಗೆ ಒದ್ದರು. ಹಲ್ಲು ಕಳೆದುಕೊಂಡಿದ್ದ ಮೂಕಪ್ಪನೂ ಒಂದು ಒದೆ ಕೊಟ್ಟುಹೋದ.

"ತಟ್ಟಿದ್ದಣ್ಣ ಅವ!" ಎಂದು ಅಂಜಿನಿ ಕೂಗಿದ. "ಈಶ್ವರ ತಟ್ಟಿದ್ದ! ನನಗ ಗೊತ್ತಾಗಿತ್ತು!"

"ಏನಂತಾನಲೇ ಇವ?"

"ಹುಚ್ಚು ಹಿಡದೈತಿ."

ಭರಮಣ್ಣ ಶಾಮಿಯಾನದ ಕಬ್ಬಿಣದ ಕಂಬ ಕಿತ್ತು ತಂದಿದ್ದ. ಕಣ್ಣಲ್ಲಿ ಇನ್ನೂ ನೀರಿತ್ತು. "ಯಾವ ಕೈಲೆ ಹೊಡದ, ಆ ಕೈ ಹಿಡ್ರಿ," ಎಂದ. ಇಬ್ಬರು ಬಲಗೈಯನ್ನು ಪೀಠದ ಮೆಟ್ಟಿಲಿಗೆ ಅಡ್ಡ ಇಟ್ಟು ಒತ್ತಿದರು. ಕಂಬ ಬಿತ್ತು. ಅಂಜಿನಿ ಎಡಗೈಯಿಂದ ಭರಮಣ್ಣನ ಪಾದ ತಟ್ಟಿದ. ಮತ್ತೆ ಮತ್ತೆ ತಟ್ಟಿದ. ಗರಡಿಯವರು ಅಷ್ಟು ಜನ ಸುತ್ತ ನಿಂತು ನೋಡುತ್ತಿದ್ದರು. ಕಂಬ ಇನ್ನೊಮ್ಮೆ ಮೇಲೇರಿತು.

ಪೊಲೀಸರು ಬರುವಷ್ಟರಲ್ಲಿ ಮೊಣಕೈ ಬರೀ ತೊಗಲಿನಲ್ಲಿ ಜೋತಾಡುತ್ತಿತ್ತು. ಆಸ್ಪತ್ರೆಯಲ್ಲಿ ಸರಳು ಹಾಕಿ ಕೂಡಿಸಿದರು. ಇನ್ನು ಮಡಿಸಲು ಬರುವುದಿಲ್ಲ ಎಂದರು. ಲೋಡರ್ ಕೆಲಸವೂ ಹೋಯಿತು.

ಕೈ ಕಟ್ಟು ಬಿಚ್ಚುವ ಮೊದಲೇ ಅಂಜಿನಿ ಕಂಪ್ಲಿಯ ಬಸ್ಸು ಹತ್ತಿದ. ಮಿಲ್ಲಿನ ಪಕ್ಕದ ಮನೆಯ ಬಾಗಿಲಲ್ಲಿ ಮುರುಗೇಶ ಸಿಕ್ಕ. ಮಾತಿಲ್ಲ ಕತೆಯಿಲ್ಲ, ಕೆನ್ನೆಗೆ ಬಿಟ್ಟ ಏಟಿಗೆ ಅಂಜಿನಿ ಭತ್ತದ ಚೀಲಗಳ ಮೇಲೆ ಬಿದ್ದ. ಎದ್ದು ನಿಂತ. ಮುರುಗೇಶ ಹೊಟ್ಟೆಗೆ ಒದ್ದ. ಮತ್ತೆ ಎದ್ದು ನಿಂತ. ಕೈ ಅಡ್ಡ ತರಲಿಲ್ಲ. ಒಳಗಿನಿಂದ ಈಶ್ವರನ ತಾಯಿ ಪಂಪಮ್ಮ ಬಂದು ನೋಡಿದಳು.

"ಯಾಕ ಬಂದೀಯೋ ಇಲ್ಲಿಗೆ?"

"ಒಂದು ಮಾತೈತ್ರೆವ್ವ. ಹೇಳಿ ಹೋಗ್ತೀನಿ."

"ಬಿಡವ್ವ ಒಳಗ," ಎಂದಿತು ಮಂಚದಿಂದ ಬಂದ ದನಿ.

ಈಶ್ವರನನ್ನು ನೋಡಿ ಅಂಜಿನಿಗೆ ಗುರುತೇ ಸಿಗಲಿಲ್ಲ. ತುಪ್ಪ ಉಂಡ ಆ ಮೈ ಎಲ್ಲಿ ಹೋಯಿತೋ, ಹೊದಿಕೆಯ ಕೆಳಗೆ ಏನೂ ಇದ್ದಂತಿರಲಿಲ್ಲ. ಬಲಗೈ ಹೊದಿಕೆಯ ಹೊರಗೆ ಬಿದ್ದಿತ್ತು, ತೊಗಲು ಸುತ್ತಿದ ಕಡ್ಡಿ. ಅದರ ಮೇಲೆ ನೊಣ ಕೂತಿತ್ತು. ಪಂಪಮ್ಮ ಸೆರಗಿನಿಂದ ಓಡಿಸಿದಳು. ಅದು ತಿರುಗಿ ಬಂದು ಅಲ್ಲೇ ಕೂತುಕೊಂಡಿತು.

"ತಟ್ಟಿದ್ದಿ," ಎಂದ ಅಂಜಿನಿ. "ನನಗ ಗೊತ್ತಾಗಿತ್ತು. ಗೊತ್ತಾಗೇ ಬಿಡಲಿಲ್ಲ."

ಪಂಪಮ್ಮ ಗೋಡೆ ಹಿಡಿದು ಕೆಳಗೆ ಕೂತಳು. ಮುರುಗೇಶ ಮೂಲೆಯ ರಾಡಿಗೆ ಕೈ ಹಾಕಿದ. ಈಶ್ವರ ಕಣ್ಣಿನಲ್ಲೇ ಅವನನ್ನು ತಡೆದ. ಆಮೇಲೆ ಅಂಜಿನಿಯ ಕಟ್ಟು ಹಾಕಿದ ಕೈ ನೋಡಿದ.

"ವಸ್ತಾದ್ರ ಕೈ ನೀ ಒಡದಿಯಂತ?"

"ಹೂಂ."

"ಈಗ ಯಾರ್ ಕೈ ಹಾಕ್ತಾರ?"

"ಹನುಮೇಶ ಹುಡುಕಾಕ್ಹತ್ಯಾನ. ಹಳೇ ಅಚ್ಚು ಒಡದು ಹಾಕ್ಯಾನಂತ. ನಂದು ಹಿಂಗಾಗೈತಿ."

"ಅವನ್ನ ಕರಕೊಂಡು ಬಾ. ನಂದು ತಗೊಳ್ಳಲಿ."

ಅಂಜಿನಿ ತಲೆಯೆತ್ತಿದ. ಕಣ್ಣು ತುಂಬಿ, "ಈಶ್ವರ..." ಎಂದ.

"ಅಳಬ್ಯಾಡ. ಮಾಫಿ ಮಾಡೇನಿ ಅಂತ ತಿಳಕೋಬ್ಯಾಡ," ಎಂದ ಈಶ್ವರ. "ಮಾಡಿಲ್ಲ, ಮಾಡಂಗೂ ಇಲ್ಲ. ಗೆದ್ದವನ ಮೈ ನಿಲ್ಲಲಿ ಅಂದ್ರಲ್ಲ, ನಿಲ್ಲಲಿ. ಕೈ ಮಾತ್ರ ನಂದು ಇರಲಿ."

ಹನುಮೇಶ ಬಂದು ಆ ಕೈಯನ್ನು ಎತ್ತಿ ತಿರುಗಿಸಿ ನೋಡಿದ. ಪಾಪ, ಅವನಿಗೆ ಹೇಗೆ ಹೇಳಬೇಕೋ ತಿಳಿಯಲಿಲ್ಲ. "ಆ ಮೈಗೆ ಇದು ಒಪ್ಪಂಗಿಲ್ರಿ. ಮ್ಯಾಲ ಒಂದೀಟು ಸಿಮೆಂಟ್ ಕೊಟ್ಟು ದಪ್ಪ ಮಾಡ್ತೀನಿ."

"ದಪ್ಪ ಗಿಪ್ಪ ಮಾಡಬ್ಯಾಡಪ್ಪ. ಹೆಂಗೈತಿ ಹಂಗ ಇರಲಿ."

"ಭರಮಣ್ಣ ಕೇಳಿದ್ರ?"

"ನನ್ನ ಕೈ ಅಂತ ಹೇಳು," ಎಂದ ಈಶ್ವರ. "ಬಂದು ಒಡೀಲಿ ನೋಡೋಣು."

ಹನುಮೇಶ ಪ್ಲಾಸ್ಟರ್ ಕಲಸಿದ. ಆಮೇಲೆ ಮತ್ತೆ ನಿಂತು ಯೋಚಿಸಿದ. ಅಂಗೈ ತೊಡೆಯ ಮೇಲೆ ಕೂರಬೇಕು. ತೊಡೆ ಅಂಜಿನಿಯದು. ಬರಿಗೈಯ ಅಚ್ಚು ತೆಗೆದರೆ ಅಲ್ಲಿ ಕೂರುವುದಿಲ್ಲ, ನಡುವೆ ಸಂದಿ ಬೀಳುತ್ತದೆ. ಅದೇ ತೊಡೆಯ ಮೇಲೆ ಇಟ್ಟೇ ತೆಗೆಯಬೇಕು.

ಅಂಜಿನಿ ಪ್ಯಾಂಟು ಬಿಚ್ಚಿ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತ. ಪಂಪಮ್ಮ ಮಗನ ಕೈಗೂ ಅವನ ತೊಡೆಗೂ ಕೊಬ್ಬರಿ ಎಣ್ಣೆ ಸವರಿದಳು, ಅವನ ಮುಖ ನೋಡದೆ. ಮುರುಗೇಶ ಅಣ್ಣನ ಕೈಯನ್ನು ಎತ್ತಿ ತಂದು ತೊಡೆಯ ಮೇಲೆ ಇಟ್ಟ. ಹನುಮೇಶ ಬೆರಳುಗಳನ್ನು ಒಂದೊಂದಾಗಿ ಅಗಲಿಸಿದ, ಮೇಲೆ ಪ್ಲಾಸ್ಟರ್ ಹಚ್ಚಿದ.

"ಗಟ್ಟಿ ಆಗೋ ತನಕ ಅಳ್ಳಾಡಬ್ಯಾಡ," ಎಂದ.

ಪ್ಲಾಸ್ಟರ್ ನಿಧಾನವಾಗಿ ಬಿಸಿಯೇರಿತು. ಅಂಜಿನಿಗೆ ಅಂಗೈ ತಿಳಿಯುತ್ತಿತ್ತು. ಎಲುಬು ತಿಳಿಯುತ್ತಿತ್ತು. ಕಣದಲ್ಲಿ ಅವಸರವಾಗಿ ತಟ್ಟಿದ ಅದೇ ಕೈ, ಅದೇ ಜಾಗ. ಇನ್ನೊಮ್ಮೆ ತಟ್ಟಿದರೆ ಈ ಸಲ ಬಿಟ್ಟೇನು ಎಂದು ಅವನ ಮೈಯೆಲ್ಲ ಕಾಯುತ್ತಿತ್ತು. ಕೈ ಅಲ್ಲಾಡಲಿಲ್ಲ.

ಈಶ್ವರ ಮೇಲಿನ ಫ್ಯಾನು ನೋಡುತ್ತ ಮಲಗಿದ್ದ.

"ಬಿಸಿ ಆಗೇತೇನಲೇ? ನನಗ ತಿಳಿಯಂಗಿಲ್ಲ."

"ಆಗೇತಿ."

"ನನ್ನ ಕೈ ಗೊತ್ತಾಗಾಕ್ಹತ್ತೈತೇನು?"

"ಗೊತ್ತಾಗಾಕ್ಹತ್ತೈತಿ," ಎಂದ ಅಂಜಿನಿ.